ಮಡಿಕೆ ತಪ್ಪಿದ ಪ್ರೋಟೀನ್, ಮರೆವಿನ ಕಾಯಿಲೆ ಮತ್ತು ನಾವು



ನಮ್ಮ ಒಂದು ಸಂಘದಲ್ಲಿ ನಡೆದ ವಿಷಯವನ್ನು ಮೊದಲು ಹೇಳುತ್ತೇವೆ. ಹೆಸರು, ಊರು ಬೇಡ. ಆ ಸಂಘದ ಖಜಾಂಚಿ ಹನ್ನೊಂದು ವರ್ಷದಲ್ಲಿ ಒಂದು ರೂಪಾಯಿ ಲೆಕ್ಕ ತಪ್ಪಿಸಿದವರಲ್ಲ. ಒಂದು ಮಳೆಗಾಲದಲ್ಲಿ ಅವರ ಅತ್ತೆ ಮನೆ ಮನೆಗೆ ಹೋಗಿ, "ನನ್ನ ಓಲೆ ಸೊಸೆ ಕದ್ದಿದ್ದಾಳೆ. ಎರಡು ದಿನದಿಂದ ನನಗೆ ಅನ್ನ ಹಾಕಿಲ್ಲ" ಅಂತ ಹೇಳತೊಡಗಿದರು. ವಾರದ ಸಭೆಯಲ್ಲಿ ಗುಸುಗುಸು ಶುರುವಾಯಿತು. "ಅತ್ತೆಯ ಓಲೆ ಕದ್ದವಳ ಕೈಯಲ್ಲಿ ಸಂಘದ ಪೆಟ್ಟಿಗೆ ಇರಬೇಕಾ ಸಿಸ್ಟರ್?" ಅಂತ ಒಬ್ಬರು ಕೇಳಿಯೇ ಬಿಟ್ಟರು. ವಿಚಾರಿಸಲು ಹೋದ ನಾವೂ ಮೊದಲು ಸೊಸೆಯನ್ನೇ ತಪ್ಪಿತಸ್ಥಳಂತೆ ಪ್ರಶ್ನೆ ಮಾಡಿದೆವು. ಆಕೆ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಲೆಕ್ಕದ ಪುಸ್ತಕ, ಪೆಟ್ಟಿಗೆ, ಬೀಗದ ಕೈ ತಂದು ನಮ್ಮ ಮುಂದಿಟ್ಟರು. ಸಭೆಗೆ ಬರುವುದನ್ನೇ ನಿಲ್ಲಿಸಿದರು.

ಎರಡು ತಿಂಗಳ ಮೇಲೆ ಓಲೆ ಸಿಕ್ಕಿತು. ಅಕ್ಕಿ ಡಬ್ಬದ ತಳದಲ್ಲಿ, ಹಳೇ ಬಟ್ಟೆಯ ಗಂಟಿನೊಳಗೆ ಇತ್ತು. ಅತ್ತೆಯೇ ಇಟ್ಟು ಮರೆತಿದ್ದರು. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಪರೀಕ್ಷೆ ಮಾಡಿ, ಇದು ಆಲ್ಜೈಮರ್ ಎಂಬ ಮರೆವಿನ ಕಾಯಿಲೆ ಅಂದರು.

ಅತ್ತೆ ಬೇಕೆಂದು ಸುಳ್ಳು ಹೇಳಿರಲಿಲ್ಲ. ಸೊಸೆ ಕದ್ದಿರಲಿಲ್ಲ. ಅತ್ತೆಯ ಮಿದುಳಿನೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಪ್ರೋಟೀನುಗಳ ಮಡಿಕೆ ತಪ್ಪಿತ್ತು. ಇದು ನಮಗೆ ಮೊದಲೇ ತಿಳಿದಿದ್ದರೆ ಒಬ್ಬ ಒಳ್ಳೆಯ ಹೆಂಗಸಿಗೆ ಆ ಅವಮಾನ ಆಗುತ್ತಿರಲಿಲ್ಲ. ಅದಕ್ಕಾಗಿ ಈ ಸಲ ಪ್ರೋಟೀನಿನ ಮಡಿಕೆ ಅಂದರೆ ಏನು, ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ತಿಳಿಯೋಣ. ವಿಷಯ ಸ್ವಲ್ಪ ಹೊಸದು. ನಿಧಾನವಾಗಿ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಪ್ರೋಟೀನ್ ಅಂದರೆ ಬರೀ ಬೇಳೆಯಲ್ಲಿ ಇರುವುದಾ?

ಬೇಳೆ, ಮೊಟ್ಟೆ, ಹಾಲು, ಮೀನಿನಲ್ಲಿ ಪ್ರೋಟೀನ್ ಇದೆ ಎಂದು ಅಂಗನವಾಡಿಯಲ್ಲಿ ನೀವೆಲ್ಲ ಕೇಳಿದ್ದೀರಿ. ಅದು ನಿಜ. ಆದರೆ ನಮ್ಮ ಶರೀರದ ಬಹುತೇಕ ಎಲ್ಲ ಜೀವಕೋಶಗಳೂ ತಮಗೆ ಬೇಕಾದ ಪ್ರೋಟೀನುಗಳನ್ನು ತಾವೇ ತಯಾರಿಸುತ್ತವೆ. ರಕ್ತದಲ್ಲಿ ಉಸಿರಿನ ಗಾಳಿಯನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಒಂದು ಪ್ರೋಟೀನ್. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಒಂದು ಪ್ರೋಟೀನ್. ಕೂದಲು, ಉಗುರು, ಸ್ನಾಯು ಎಲ್ಲದರಲ್ಲೂ ಪ್ರೋಟೀನ್ ಇದೆ.

ಪ್ರೋಟೀನನ್ನು ಒಂದು ಮಣಿಸರದ ಹಾಗೆ ಊಹಿಸಿಕೊಳ್ಳಿ. ಅಮೈನೋ ಆಮ್ಲ ಎಂಬ 20 ಬಗೆಯ ಮಣಿಗಳಿವೆ. ಯಾವ ಮಣಿಯ ಪಕ್ಕ ಯಾವ ಮಣಿ ಬರಬೇಕು ಎಂಬುದನ್ನು ತಂದೆತಾಯಿಯಿಂದ ಬಂದ ಜೀನ್‌ಗಳು ಹೇಳುತ್ತವೆ. ಇನ್ಸುಲಿನ್‌ನಲ್ಲಿ 51 ಮಣಿಗಳು, ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರ ಸೇರಿ 574 ಮಣಿಗಳು. ನಾವು ತಿಂದ ಬೇಳೆಯ ಪ್ರೋಟೀನ್ ಹೊಟ್ಟೆಯಲ್ಲಿ ಬಿಡಿಬಿಡಿ ಮಣಿಗಳಾಗುತ್ತದೆ. ಶರೀರ ಆ ಮಣಿಗಳನ್ನು ಪೋಣಿಸಿ ತನ್ನದೇ ಸರ ಮಾಡಿಕೊಳ್ಳುತ್ತದೆ.

ಸರ ಪೋಣಿಸಿದರೆ ಸಾಲದು, ಮಡಿಸಬೇಕು

ಐದೂವರೆ ಮೀಟರ್ ಸೀರೆಯನ್ನು ಬೀರುವಿನಿಂದ ತೆಗೆದು ಹೆಗಲ ಮೇಲೆ ಹಾಕಿಕೊಂಡರೆ ಉಟ್ಟಂತೆ ಆಗುತ್ತದೆಯೇ? ಸುತ್ತಬೇಕು, ನೆರಿಗೆ ಹಿಡಿಯಬೇಕು, ಸಿಕ್ಕಿಸಬೇಕು, ಸೆರಗು ಬಿಡಬೇಕು. ಪ್ರೋಟೀನೂ ಹಾಗೆಯೇ. ಉದ್ದದ ಸರ ತನ್ನ ಮೇಲೆ ತಾನೇ ಸುತ್ತಿ ಮಡಿಚಿಕೊಂಡು ಒಂದು ನಿರ್ದಿಷ್ಟ ಆಕಾರಕ್ಕೆ ಬರಬೇಕು. ಆಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಬೀಗದ ಕೈಯ ಹಲ್ಲು ಸರಿ ಇದ್ದರೆ ತಾನೇ ಬೀಗ ತೆರೆಯುವುದು?

ಈ ಸರಕ್ಕೆ ಮಡಿಚಿಕೊಳ್ಳಲು ಕಲಿಸಿದವರು ಯಾರು? ಅಮೆರಿಕದ ವಿಜ್ಞಾನಿ ಕ್ರಿಶ್ಚಿಯನ್ ಆನ್‌ಫಿನ್ಸನ್ ಇದಕ್ಕೆ ಉತ್ತರ ಹುಡುಕಿದರು. ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ, 124 ಮಣಿಗಳ ಒಂದು ಪ್ರೋಟೀನನ್ನು ಅವರು ರಾಸಾಯನಿಕಗಳಿಂದ ಪೂರ್ತಿ ಬಿಚ್ಚಿಹಾಕಿದರು. ಅದು ಕೆಲಸ ನಿಲ್ಲಿಸಿತು. ರಾಸಾಯನಿಕಗಳನ್ನು ತೆಗೆದಾಗ ಅದು ತಾನಾಗಿಯೇ ಮತ್ತೆ ಮೊದಲಿನಂತೆ ಮಡಿಚಿಕೊಂಡು ಕೆಲಸಕ್ಕೆ ನಿಂತಿತು! ಅಂದರೆ ಹೇಗೆ ಮಡಿಚಬೇಕು ಎಂಬ ಪಾಠ ಮಣಿಗಳ ಸಾಲಿನಲ್ಲಿಯೇ ಇದೆ. ಇದಕ್ಕಾಗಿ ಅವರಿಗೆ 1972ರಲ್ಲಿ ನೊಬೆಲ್ ಬಹುಮಾನ ಬಂತು.

ನಮ್ಮವರೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಕೇರಳದ ಎರ್ನಾಕುಲಂನಲ್ಲಿ ಹುಟ್ಟಿದ ಜಿ.ಎನ್. ರಾಮಚಂದ್ರನ್ ಅವರು 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ, ತಮ್ಮ ಸಂಗಡಿಗರೊಂದಿಗೆ, ಪ್ರೋಟೀನಿನ ಸರ ಯಾವ ಯಾವ ಕೋನದಲ್ಲಿ ತಿರುಗಬಲ್ಲದು, ಎಲ್ಲಿ ತಿರುಗಲಾರದು ಎಂದು ತೋರಿಸುವ ನಕ್ಷೆ ಮಾಡಿದರು. ಇಂದಿಗೂ ಪ್ರಪಂಚದ ವಿಜ್ಞಾನಿಗಳು ಅದನ್ನು 'ರಾಮಚಂದ್ರನ್ ನಕ್ಷೆ' ಎಂದೇ ಕರೆದು ಬಳಸುತ್ತಾರೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಈ ವಿಷಯಕ್ಕೆಂದೇ ಒಂದು ವಿಭಾಗ ಕಟ್ಟಿದರು.

ಮಡಿಕೆ ತಪ್ಪಿದರೆ?

ಒಂದು ಮೊಟ್ಟೆ ಒಡೆದು ಕಾವಲಿಗೆ ಹಾಕಿ. ನೀರಿನಂತೆ ತಿಳಿಯಾಗಿದ್ದ ಭಾಗ ಬೆಳ್ಳಗೆ ಗಟ್ಟಿಯಾಗುತ್ತದೆ. ಬಿಸಿಗೆ ಪ್ರೋಟೀನುಗಳ ಮಡಿಕೆ ಬಿಚ್ಚಿ, ಒಂದಕ್ಕೊಂದು ಸಿಕ್ಕಿ, ಗಂಟು ಬೀಳುತ್ತವೆ. ಆಮೇಲೆ ಎಷ್ಟು ತಣಿಸಿದರೂ ಅದು ಹಸಿ ಮೊಟ್ಟೆ ಆಗುವುದಿಲ್ಲ.

ಶರೀರದಲ್ಲಿ ಹೀಗಾಗದಂತೆ ನೋಡಿಕೊಳ್ಳುವ ಸಹಾಯಕ ಪ್ರೋಟೀನುಗಳಿವೆ. ಮದುಮಗಳಿಗೆ ಸೀರೆ ಉಡಿಸುವಾಗ ಪಕ್ಕದಲ್ಲಿ ಕೂತು ನೆರಿಗೆ ಹಿಡಿಯುವ ಅಕ್ಕನ ಹಾಗೆ ಅವು. ಕೆಟ್ಟುಹೋದ ಪ್ರೋಟೀನನ್ನು ಒಡೆದು ಗುಡಿಸಿ ಹಾಕುವ ವ್ಯವಸ್ಥೆಯೂ ಇದೆ. ವಯಸ್ಸಾದಂತೆ ಈ ಎರಡೂ ಕೆಲಸ ನಿಧಾನವಾಗುತ್ತವೆ. ಕಸ ಉಳಿಯುತ್ತದೆ.

ಇದು ನಮ್ಮ ಕಣ್ಣಿಗೇ ಕಾಣುವ ಜಾಗ ಒಂದಿದೆ. ಅದೇ ಕಣ್ಣಿನ ಪೊರೆ. ಕಣ್ಣಿನೊಳಗಿನ ಮಸೂರ ಗಾಜಿನಂತೆ ತಿಳಿಯಾಗಿರುವುದು ಅದರಲ್ಲಿ ಒತ್ತಾಗಿ ತುಂಬಿರುವ ಪ್ರೋಟೀನುಗಳಿಂದ. ಮಸೂರದ ನಡುಭಾಗದ ಪ್ರೋಟೀನುಗಳು ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಯಾರಾದವು. ಅವುಗಳನ್ನು ಶರೀರ ಬದಲಾಯಿಸುವುದೇ ಇಲ್ಲ. ಅರವತ್ತು, ಎಪ್ಪತ್ತು ವರ್ಷ ಅವೇ ದುಡಿಯಬೇಕು. ವಯಸ್ಸು, ಬಿಸಿಲು, ಸಕ್ಕರೆ ಕಾಯಿಲೆ, ತಂಬಾಕು ಇವುಗಳಿಂದ ಮಡಿಕೆ ಕೆಟ್ಟು ಗಂಟುಕಟ್ಟಿದಾಗ ಮಸೂರ ಮೊಟ್ಟೆಯ ಬಿಳಿಯಂತೆ ಮಬ್ಬಾಗುತ್ತದೆ. ಅದೃಷ್ಟಕ್ಕೆ ಮಸೂರವನ್ನು ತೆಗೆದು ಬೇರೆ ಹಾಕಬಹುದು. ಮಿದುಳನ್ನು ಹಾಗೆ ಬದಲಾಯಿಸಲು ಆಗುವುದಿಲ್ಲ. ಕಷ್ಟ ಇರುವುದು ಅಲ್ಲೇ.

ಮಾಟ ಎಂದುಕೊಂಡಿದ್ದ ಕಾಯಿಲೆ

ತಪ್ಪು ಮಡಿಕೆಯ ಪ್ರೋಟೀನ್ ಮಿದುಳನ್ನು ಹಾಳುಮಾಡುತ್ತದೆ ಎಂಬುದನ್ನು ಜಗತ್ತು ಕಲಿತದ್ದು ಬಹುಮಟ್ಟಿಗೆ ಒಂದು ದೂರದ ನಾಡಿನ ಹೆಂಗಸರ ದುಃಖದಿಂದ. ಆಸ್ಟ್ರೇಲಿಯಾದ ಉತ್ತರಕ್ಕೆ ಪಪುವಾ ನ್ಯೂಗಿನಿ ಎಂಬ ದೇಶವಿದೆ. ಅಲ್ಲಿನ ಬೆಟ್ಟಗಳಲ್ಲಿ ಫೋರೆ ಎಂಬ ಜನ ವಾಸಿಸುತ್ತಾರೆ. ಅವರಲ್ಲಿ 'ಕುರು' ಎಂಬ ಕಾಯಿಲೆ ಹರಡಿತ್ತು. ಮೈ ನಡುಗುವುದು, ನಡೆಯಲು ಆಗದಿರುವುದು, ಕಡೆಗೆ ನುಂಗಲೂ ಆಗದೆ ಸಾವು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಕೆಲವು ಹಳ್ಳಿಗಳಲ್ಲಿ ಪ್ರಾಯದ ಹೆಂಗಸರೇ ಕಡಿಮೆಯಾದರು. 1957ರಿಂದ ಮುಂದೆ ದಾಖಲಾದ ಸಾವುಗಳೇ ಎರಡೂವರೆ ಸಾವಿರಕ್ಕೂ ಹೆಚ್ಚು.

ಜನ ಇದನ್ನು ಮಾಟ ಎಂದು ನಂಬಿದರು. ಯಾರೋ ಮಾಡಿಸಿದ್ದಾರೆ ಎಂದು ಅನುಮಾನಪಟ್ಟು ಬಡಿದು ಕೊಂದದ್ದೂ ಉಂಟು. 1960ರ ದಶಕದ ಆರಂಭದಲ್ಲಿ ಶೆರ್ಲಿ ಲಿಂಡೆನ್‌ಬಾಮ್ ಎಂಬ ಮಹಿಳೆ ಮತ್ತು ರಾಬರ್ಟ್ ಗ್ಲಾಸ್ ಹಳ್ಳಿಗಳಲ್ಲೇ ಉಳಿದು, ಮನೆ ಮನೆಗೆ ಹೋಗಿ ಯಾರ ಸಂಬಂಧ ಯಾರಿಗೆ, ಯಾರು ಯಾವಾಗ ಸತ್ತರು, ಸಾವಿನ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿ ಬರೆದುಕೊಂಡರು. ಆಗ ತಿಳಿದದ್ದು ಇದು: ಸತ್ತ ಬಂಧುವಿನ ದೇಹವನ್ನು ಹುಳುಗಳಿಗೆ ಬಿಡುವ ಬದಲು ತಾವೇ ತಿನ್ನುವುದು ಅವರ ಶೋಕದ ಪದ್ಧತಿಯಾಗಿತ್ತು. ನಮಗೆ ಕೇಳಲು ಕಷ್ಟ. ಅವರಿಗೆ ಅದು ಸತ್ತವರ ಮೇಲಿನ ಪ್ರೀತಿ. ಮಿದುಳಿನ ಭಾಗ ಹೆಂಗಸರು, ಮಕ್ಕಳ ಪಾಲಿಗೆ ಬರುತ್ತಿತ್ತು. ಕಾಯಿಲೆಯೂ ಅದರೊಂದಿಗೆ ಬರುತ್ತಿತ್ತು.

ಕುರುವಿನಂಥ ಕಾಯಿಲೆಗಳನ್ನು ಹರಡುವುದು ರೋಗಾಣುವಲ್ಲ, ಒಂದು ಪ್ರೋಟೀನ್ ಎಂದು 1982ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಪ್ರುಸಿನರ್ ಹೇಳಿದರು. ಅದಕ್ಕೆ 'ಪ್ರಿಯಾನ್' ಎಂದು ಹೆಸರಿಟ್ಟರು. ಅದರ ಮಡಿಕೆ ತಪ್ಪಿರುತ್ತದೆ. ಪಕ್ಕದ ಸರಿಯಾದ ಪ್ರೋಟೀನಿಗೆ ತಾಗಿ ಅದನ್ನೂ ತನ್ನಂತೆ ಮಾಡುತ್ತದೆ. ಹೀಗೆ ಒಂದರಿಂದ ಹತ್ತು, ಹತ್ತರಿಂದ ಸಾವಿರ. ಮೊದಲು ಬಹಳ ಮಂದಿ ನಂಬಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಫೋರೆ ಜನ 1960ರ ಹೊತ್ತಿಗೆ ಆ ಪದ್ಧತಿ ಬಿಟ್ಟರು. ಕಾಯಿಲೆಯೂ ನಿಧಾನವಾಗಿ ಇಲ್ಲವಾಯಿತು. ಆದರೆ ಅದು ಎಷ್ಟು ವರ್ಷ ಒಳಗೇ ಅಡಗಿರುತ್ತಿತ್ತೆಂದರೆ, ಕೊನೆಯ ಕೆಲವು ರೋಗಿಗಳು ತೀರಿಕೊಂಡದ್ದು 2000ದ ನಂತರ.

ಮರೆವಿನ ಕಾಯಿಲೆಯಲ್ಲಿ ಆಗುವುದೇನು?

ಈಗ ನಮ್ಮ ಖಜಾಂಚಿಯ ಅತ್ತೆಯ ಕಾಯಿಲೆಗೆ ಬರೋಣ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟ್ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಗಂಡ ಸೇರಿಸಿದರು. ಆಕೆ ಗಂಡನ ಮೇಲೆ ಸುಮ್ಮನೆ ಸಂಶಯ ಪಡುತ್ತಿದ್ದರು, ವಸ್ತುಗಳನ್ನು ಬಚ್ಚಿಡುತ್ತಿದ್ದರು. ತಮ್ಮ ಹೆಸರನ್ನೂ ಸರಿಯಾಗಿ ಬರೆಯಲು ಆಗುತ್ತಿರಲಿಲ್ಲ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಡಾಕ್ಟರ್ ಅಲೋಯ್ಸ್ ಆಲ್ಜೈಮರ್ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ನಡುವೆ ಗಂಟುಗಳು, ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು. ಅವರ ಹೆಸರೇ ಕಾಯಿಲೆಗೂ ಬಂತು.

ಆ ಗಂಟು ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನಿನದು, ಸಿಕ್ಕು ಟಾವ್ ಎಂಬ ಪ್ರೋಟೀನಿನದು ಎಂದು ತಿಳಿದದ್ದು 1980ರ ದಶಕದಲ್ಲಿ. ಮರೆವು ಕಾಣಿಸಿಕೊಳ್ಳುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಗಂಟುಗಳು ಸದ್ದಿಲ್ಲದೆ ಸೇರುತ್ತಿರುತ್ತವೆ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯಲ್ಲೂ ಬೇರೊಂದು ಪ್ರೋಟೀನ್ ಹೀಗೆಯೇ ಗಂಟುಕಟ್ಟುತ್ತದೆ.

ಆಲ್ಜೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹಾಳಾಗುವುದು ಹೊಸ ನೆನಪನ್ನು ಬರೆದಿಡುವ ಭಾಗ. ಇದನ್ನು ಚೆನ್ನಾಗಿ ಗಮನಿಸಿ. ಮದುವೆಯ ದಿನ ಉಟ್ಟ ಸೀರೆಯ ಬಣ್ಣ ನೆನಪಿರುತ್ತದೆ, ಬೆಳಿಗ್ಗೆ ತಿಂದ ರೊಟ್ಟಿ ನೆನಪಿರುವುದಿಲ್ಲ. ಊಟ ಮಾಡಿದ್ದು ಮಿದುಳಿನಲ್ಲಿ ದಾಖಲೆಯೇ ಆಗಿಲ್ಲ. ಆದ್ದರಿಂದ ಅವರ ಪಾಲಿಗೆ ಅವರು ಉಂಡೇ ಇಲ್ಲ. ಓಲೆಯನ್ನು ತಾವೇ ಇಟ್ಟದ್ದು ದಾಖಲೆಯಾಗಿಲ್ಲ. ಹಾಗಾದರೆ ಯಾರೋ ಕದ್ದಿರಬೇಕು. ಯಾರು? ದಿನವಿಡೀ ಹತ್ತಿರ ಇರುವವಳು. ಅಂದರೆ ಹೆಚ್ಚು ಸೇವೆ ಮಾಡುವವಳ ಮೇಲೆಯೇ ಹೆಚ್ಚು ಅಪವಾದ ಬರುತ್ತದೆ. ಸೊಸೆಯಂದಿರೇ, ಇದು ನಿಮ್ಮ ಸೇವೆಯ ಕೊರತೆಯಲ್ಲ. ಕಾಯಿಲೆಯ ಲಕ್ಷಣ.

ಮದ್ದು ಇದೆಯೇ?

ಪೂರ್ತಿ ಗುಣ ಮಾಡುವ ಮದ್ದು ಇನ್ನೂ ಬಂದಿಲ್ಲ. ಡಾಕ್ಟರು ಕೊಡುವ ಕೆಲವು ಮಾತ್ರೆಗಳಿಂದ ಸ್ವಲ್ಪ ಕಾಲ ಸ್ವಲ್ಪ ಅನುಕೂಲ ಆಗಬಹುದು. ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಔಷಧಗಳಿಗೆ ಒಪ್ಪಿಗೆ ಸಿಕ್ಕಿತು. ಇವು ಅಮಿಲಾಯ್ಡ್ ಗಂಟನ್ನು ತೆಗೆಯುತ್ತವೆ. ಆದರೆ ಆರಂಭದ ಹಂತದಲ್ಲಿ ಮಾತ್ರ, ಕಾಯಿಲೆಯ ವೇಗವನ್ನು ಸ್ವಲ್ಪ ಕಡಿಮೆ ಮಾಡುತ್ತವೆ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ಕಳೆದುಹೋದ ನೆನಪು ಮರಳಿ ಬರುವುದಿಲ್ಲ.

ವಿಜ್ಞಾನ ಸುಮ್ಮನೆ ಕೂತಿಲ್ಲ. ಮಣಿಗಳ ಸಾಲನ್ನು ನೋಡಿ ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವಿಧಾನವನ್ನು ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ತಂಡ ತಯಾರಿಸಿತು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಹೊಸ ಪ್ರೋಟೀನುಗಳನ್ನೇ ರಚಿಸಿದ ಡೇವಿಡ್ ಬೇಕರ್ ಜೊತೆಗೆ ಇವರಿಬ್ಬರಿಗೂ 2024ರ ನೊಬೆಲ್ ಬಹುಮಾನ ದೊರೆಯಿತು. ಆಕಾರ ಗೊತ್ತಾದರೆ ಮದ್ದು ಹುಡುಕಲು ದಾರಿ ಸುಲಭ. ಆದರೆ ಮಡಿಕೆ ಏಕೆ ತಪ್ಪುತ್ತದೆ, ಹೇಗೆ ತಡೆಯಬೇಕು ಎಂಬ ಕೆಲಸ ಇನ್ನೂ ಬಾಕಿ ಇದೆ.

ನಮ್ಮ ರಾಜ್ಯದಲ್ಲೂ ಕೆಲಸ ನಡೆದಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ವರ್ಷ ದಾಟಿದ 10,000 ಜನರನ್ನು ಹಲವು ವರ್ಷ ಪರೀಕ್ಷಿಸುತ್ತಾ ಹೋಗುವ ಅಧ್ಯಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ಹಳ್ಳಿಯವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ಹಳ್ಳಿಯವರಿಂದಲೇ ತಿಳಿಯುವ ಪ್ರಯತ್ನವಿದು. ಏಕೆಂದರೆ 2023ರಲ್ಲಿ ಪ್ರಕಟವಾದ ದೇಶದ ಒಂದು ಅಧ್ಯಯನದ ಅಂದಾಜಿನಂತೆ 60 ದಾಟಿದ ಸುಮಾರು 88 ಲಕ್ಷ ಭಾರತೀಯರಿಗೆ ಮರೆವಿನ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಇದು ಹೆಚ್ಚು.

ನಾವು ಏನು ಮಾಡಬಹುದು?

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ 14 ಕಾರಣಗಳನ್ನು ಪಟ್ಟಿಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಮರೆವಿನ ಕಾಯಿಲೆಯನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದರ ಲೆಕ್ಕ. ಅವುಗಳಲ್ಲಿ ನಮ್ಮ ಕೈಗೆ ಸಿಗುವಂಥವು:

1. ಬಿ.ಪಿ. ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ, ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುವುದು. ನಲವತ್ತು ದಾಟಿದ ಎಲ್ಲರೂ.

2. ಕಣ್ಣಿನ ಪೊರೆ ಇದ್ದರೆ ಆಪರೇಷನ್ ಮಾಡಿಸುವುದು. "ಈ ವಯಸ್ಸಿಗೆ ಇನ್ನೇನು ನೋಡಬೇಕು" ಅನ್ನಬೇಡಿ. ಕಣ್ಣು ಮಂಜಾದವರಲ್ಲಿ ಮರೆವು ಬೇಗ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

3. ಕಿವಿ ಕೇಳದಿದ್ದರೆ ತೋರಿಸುವುದು. ಮಾತು ಕೇಳಿಸದವರು ಒಂಟಿಯಾಗುತ್ತಾರೆ, ಮಿದುಳಿಗೆ ಕೆಲಸ ಕಡಿಮೆಯಾಗುತ್ತದೆ.

4. ಬೀಡಿ, ಸಿಗರೇಟು, ಸಾರಾಯಿ ಬಿಡುವುದು, ಬಿಡಿಸುವುದು.

5. ಹೆಣ್ಣುಮಕ್ಕಳನ್ನು ಓದಿಸುವುದು. ಚಿಕ್ಕಂದಿನ ಓದು ಮುಪ್ಪಿನಲ್ಲಿ ಮಿದುಳಿಗೆ ಆಸರೆ. ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚಾಗಲು ಶಾಲೆಗೆ ಕಳಿಸದೇ ಇದ್ದದ್ದೂ ಒಂದು ಕಾರಣ.

6. ವಯಸ್ಸಾದವರನ್ನು ಮೂಲೆಯಲ್ಲಿ ಕೂರಿಸದೆ ಮಾತು, ಕೆಲಸ, ಸಭೆಗಳಲ್ಲಿ ಸೇರಿಸಿಕೊಳ್ಳುವುದು.

ಇನ್ನು ಮೂರು ತಪ್ಪು ತಿಳಿವಳಿಕೆಗಳು. ಒಂದು, "ಅರವತ್ತಕ್ಕೆ ಅರಳು ಮರಳು" ಅಂತ ಬಿಟ್ಟುಬಿಡುವುದು. ಬಿ-12 ಕೊರತೆ, ಥೈರಾಯ್ಡ್, ಮನಸ್ಸಿನ ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿರುವುದು ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ತೋರಿಸಲೇಬೇಕು. ಎರಡು, ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುತ್ತದೆ ಎಂಬ ಹೆದರಿಕೆ. ಕುರುವಿನ ಕಥೆ ಓದಿ ಹಾಗೆ ಭಾವಿಸಬೇಡಿ. ಮರೆವಿನ ಕಾಯಿಲೆಯವರ ಜೊತೆ ಉಣ್ಣುವುದರಿಂದ, ಮಲಗುವುದರಿಂದ ಏನೂ ಆಗದು. ಮೂರು, ಪ್ರೋಟೀನ್ ಪುಡಿ, ನೆನಪಿನ ಟಾನಿಕ್ ಕೊಂಡರೆ ಗುಣವಾಗುತ್ತದೆ ಎಂಬುದು. ತಿಂದ ಪ್ರೋಟೀನ್ ಹೊಟ್ಟೆಯಲ್ಲೇ ಬಿಡಿ ಮಣಿಗಳಾಗುತ್ತದೆ ಎಂದು ಮೇಲೆ ಹೇಳಿದೆವು. ಅದು ಮಿದುಳಿಗೆ ಹೋಗಿ ಮಡಿಕೆ ಸರಿಮಾಡುವುದಿಲ್ಲ. ಸಂಘದಿಂದ ಸಾಲ ತೆಗೆದು ಇಂಥದ್ದಕ್ಕೆ ಹಾಕಬೇಡಿ.

ನೋಡಿಕೊಳ್ಳುವವರಿಗೆ ನಾಲ್ಕು ಮಾತು

"ಈಗ ತಾನೇ ಉಂಡಿರಲ್ಲಾ!" ಅಂತ ವಾದ ಮಾಡಿ ಫಲವಿಲ್ಲ. ಸ್ವಲ್ಪ ಮಜ್ಜಿಗೆಯೋ ಬಾಳೆಹಣ್ಣೋ ಕೊಟ್ಟು ಬೇರೆ ಮಾತು ತೆಗೆಯಿರಿ. ವಸ್ತು ಕಾಣೆಯಾಯಿತು ಅಂದರೆ "ಬನ್ನಿ ಅತ್ತೆ, ಇಬ್ಬರೂ ಹುಡುಕೋಣ" ಅನ್ನಿ. ಒಲೆ, ಸೀಮೆಎಣ್ಣೆ, ಕೀಟನಾಶಕ, ಬಾವಿ ಇವುಗಳ ಕಡೆ ಗಮನ ಇರಲಿ. ದಾರಿ ತಪ್ಪಿ ಹೋಗುವವರಾದರೆ ಹೆಸರು, ಫೋನ್ ನಂಬರು ಬರೆದ ಚೀಟಿ ಬಟ್ಟೆಗೆ ಹೊಲಿಯಿರಿ. ಗಂಡ, ಮೈದುನ, ನಾದಿನಿ ಎಲ್ಲರೂ ಸರದಿ ಹಂಚಿಕೊಳ್ಳಲಿ. ಇದು ಸೊಸೆ ಒಬ್ಬಳ ಕೆಲಸವಲ್ಲ. ನಿಮಗೇ ಮನಸ್ಸು ಸೋತರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.

ನಮ್ಮ ಖಜಾಂಚಿಯ ಮನೆಗೆ ಸಂಘದ ಎಲ್ಲರೂ ಸೇರಿ ಹೋದೆವು. ತಪ್ಪಾಯಿತು ಎಂದು ನಾವು ಮೊದಲು ಹೇಳಿದೆವು. ಪೆಟ್ಟಿಗೆ ಮತ್ತೆ ತೆಗೆದುಕೊಳ್ಳಿ ಅಂದಾಗ ಆಕೆ ಒಪ್ಪಲಿಲ್ಲ. "ಪೆಟ್ಟಿಗೆ ಬೇಡ ಸಿಸ್ಟರ್. ಮಂಗಳವಾರ ಎರಡು ಗಂಟೆ ಯಾರಾದರೂ ಅತ್ತೆ ಹತ್ತಿರ ಕೂತರೆ ಸಾಕು. ನಾನು ಸಂತೆಗೆ ಹೋಗಿ ಬರುತ್ತೇನೆ" ಅಂದರು. ಅಂದಿನಿಂದ ಸದಸ್ಯೆಯರು ಸರದಿ ಹಾಕಿಕೊಂಡರು. ಅತ್ತೆ ತೀರಿಕೊಳ್ಳುವವರೆಗೆ, ಮೂರು ವರ್ಷ, ಒಂದು ಮಂಗಳವಾರವೂ ತಪ್ಪಲಿಲ್ಲ. ನಡಾವಳಿ ಪುಸ್ತಕದಲ್ಲಿ ಆ ಸರದಿಯ ಪಟ್ಟಿ ಉಳಿತಾಯದ ಲೆಕ್ಕದ ಪಕ್ಕದಲ್ಲೇ ಇದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ:

* ನಮ್ಮ ಸಂಘದ ಮನೆಗಳಲ್ಲಿ ಮರೆವು ಹೆಚ್ಚಾಗಿರುವ ಹಿರಿಯರು ಎಷ್ಟು ಮಂದಿ? ಡಾಕ್ಟರಿಗೆ ತೋರಿಸಿದ್ದೇವೆಯೇ?
* ಕಣ್ಣಿನ ಪೊರೆ ಇದ್ದೂ ಆಪರೇಷನ್ ಆಗದವರು ಯಾರು? ಅವರನ್ನು ಕರೆದುಕೊಂಡು ಹೋಗುವವರು ಯಾರು?
* ರೋಗಿಯನ್ನು ನೋಡಿಕೊಳ್ಳುವ ಸದಸ್ಯೆಗೆ ವಾರಕ್ಕೆ ಎರಡು ಗಂಟೆ ಬಿಡುವು ಕೊಡಲು ನಾವು ಸಿದ್ಧರಿದ್ದೇವೆಯೇ? ಸರದಿ ಬರೆಯಿರಿ.